ಥಾಲಿಪೀಠಕ್ಕೆ ಭಾಜಣಿ: ಹುರಿಯುವುದರಿಂದ ತಟ್ಟುವವರೆಗೆ

ಅಕ್ಕಿರೊಟ್ಟಿ ತಟ್ಟಿ ಗೊತ್ತಿರುವ ಕೈಗೆ ಮಹಾರಾಷ್ಟ್ರದ ಥಾಲಿಪೀಠ ಕಷ್ಟವಲ್ಲ. ಕಷ್ಟವೆಲ್ಲ ಹಿಟ್ಟಿನಲ್ಲಿದೆ. ಇದ್ದಬದ್ದ ಹಸಿ ಹಿಟ್ಟುಗಳನ್ನು ಬೆರೆಸಿ ತಟ್ಟುವವರೂ ಇದ್ದಾರೆ, ಹೊಟ್ಟೆಗೇನೋ ಆಗುತ್ತದೆ. ಆದರೆ ಆ ಘಮ ಬರುವುದು ಕಾಳು ಹುರಿದು ಬೀಸಿಸಿದ ಭಾಜಣಿಯಿಂದಲೇ.

ಜೋಳ, ಸಜ್ಜೆ ತಲಾ 400 ಗ್ರಾಂ, ಅಕ್ಕಿ, ಕಡಲೆಬೇಳೆ ತಲಾ 200, ಉದ್ದಿನಬೇಳೆ, ಗೋಧಿ ತಲಾ 100, ಧನಿಯಾ 50 ಗ್ರಾಂ, ಜೀರಿಗೆ 2 ದೊಡ್ಡ ಚಮಚ, ಮೆಂತ್ಯ 1 ಚಿಕ್ಕ ಚಮಚ. ಅಳತೆ ಮನೆಯಿಂದ ಮನೆಗೆ ಬೇರೆ. ನಮ್ಮೂರಿನ ರಾಗಿಯನ್ನೂ 100 ಗ್ರಾಂ ಸೇರಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ರಾಗಿರೊಟ್ಟಿಯೇ ಆಗಿಬಿಡುತ್ತದೆ.

ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಕಡಲೆಬೇಳೆ ಹದವಾಗುವಷ್ಟರಲ್ಲಿ ಮೆಂತ್ಯ ಕರಿದಾಗಿರುತ್ತದೆ, ಅಷ್ಟು ಸಾಕು ಇಡೀ ಹಿಟ್ಟು ಕಹಿಯಾಗಲು. ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆಯಿಲ್ಲದೆ, ಮಧ್ಯಮ ಉರಿಯಲ್ಲಿ ಒಂದೊಂದನ್ನೇ ಹುರಿಯಿರಿ. ಸಜ್ಜೆ ಚಟಪಟ ಅನ್ನಬೇಕು, ಜೋಳದಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಅರಳಬೇಕು, ಅಕ್ಕಿ ಬೆಳ್ಳಗೆ ಉಬ್ಬಬೇಕು, ಉದ್ದು ಕೆಂಪಗಾಗಬೇಕು. ಕಡಲೆಬೇಳೆಯನ್ನು ಮಾತ್ರ ಕಣ್ಣಳತೆಯಲ್ಲಿ ನಂಬಬೇಡಿ. ಒಂದು ಬೇಳೆ ತಣ್ಣಗಾದ ಮೇಲೆ ಕಚ್ಚಿ ನೋಡಿ: ಕಟುಂ ಎಂದು ಪುಡಿಯಾದರೆ ಸರಿ, ಹಲ್ಲಿಗೆ ಅಂಟಿದರೆ ಇನ್ನೂ ಹಸಿ. ಧನಿಯಾ, ಜೀರಿಗೆ ಬಿಸಿಯಾಗಿ ಘಮ್ಮೆಂದರೆ ಸಾಕು. ಮೆಂತ್ಯ ಕೊನೆಗೆ, ಉರಿ ಆರಿಸಿದ ಬಾಣಲೆಯ ಬಿಸಿಯಲ್ಲೇ.

ಅಗಲವಾದ ತಟ್ಟೆಗಳಲ್ಲಿ ಪೂರ್ತಿ ಆರಲಿ. ಬಿಸಿ ಕಾಳನ್ನು ಡಬ್ಬಕ್ಕೆ ತುಂಬಿ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಮಿಲ್ಲಿನಲ್ಲಿ ಎರಡು ಮಾತು ಹೇಳಿ: ಖಾರದ ಪುಡಿ ಬೀಸಿದ ಯಂತ್ರ ಬೇಡ, ಗೋಧಿಯೋ ಅಕ್ಕಿಯೋ ಆದ ಮೇಲೆ ಹಾಕಿ, ಚಪಾತಿ ಹಿಟ್ಟಿನಷ್ಟು ನುಣ್ಣಗೆ ಬೇಡ, ಕೈಗೆ ಸ್ವಲ್ಪ ತರಿ ಸಿಗಲಿ. ತೀರಾ ನುಣುಪಾದರೆ ಥಾಲಿಪೀಠ ಹಿಟ್ಟುಹಿಟ್ಟಾಗಿರುತ್ತದೆ. ಕಾಳು ಕಡಿಮೆಯಿದ್ದರೆ ಒಂದಷ್ಟು ಯಂತ್ರದಲ್ಲೇ ಉಳಿದುಬಿಡುತ್ತದೆ, ಹಾಗಾಗಿ ಮೇಲಿನ ಅಳತೆಯನ್ನು ಅರ್ಧ ಮಾಡಬೇಡಿ.

ಐದಾರು ಥಾಲಿಪೀಠಕ್ಕೆ 2 ಕಪ್ ಭಾಜಣಿ ಬೇಕು. ಸಣ್ಣಗೆ ಹೆಚ್ಚಿದ ದೊಡ್ಡ ಈರುಳ್ಳಿ ಒಂದು, ಹಿಡಿ ಕೊತ್ತಂಬರಿ ಸೊಪ್ಪು, ಎರಡು ಹಸಿಮೆಣಸಿನಕಾಯಿ, ಎಳ್ಳು 1 ದೊಡ್ಡ ಚಮಚ, ಓಮ ಅರ್ಧ ಚಿಕ್ಕ ಚಮಚ, ಅರಿಸಿನ, ಉಪ್ಪು. ಮೊದಲು ಈರುಳ್ಳಿಗೆ ಉಪ್ಪು ಹಾಕಿ ಹಿಚುಕಿ ಐದು ನಿಮಿಷ ಬಿಡಿ, ಅದು ನೀರು ಬಿಡುತ್ತದೆ. ಆಮೇಲೆ ಹಿಟ್ಟು, 1 ದೊಡ್ಡ ಚಮಚ ಕಾದ ಎಣ್ಣೆ, ನಂತರ ಉಗುರು ಬೆಚ್ಚಗಿನ ನೀರು. ಮುಕ್ಕಾಲು ಕಪ್‌ನಷ್ಟು ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ, ಬೇಕಾದರಷ್ಟೇ ಮತ್ತೆ ಸೇರಿಸಿ. ಹದ ಅಕ್ಕಿರೊಟ್ಟಿ ಹಿಟ್ಟಿನದೇ. ಹತ್ತು ನಿಮಿಷ ನೆನೆದರೆ ಸಾಕು. ಗಂಟೆಗಟ್ಟಲೆ ಇಟ್ಟರೆ ಈರುಳ್ಳಿ ಮತ್ತೆ ನೀರು ಬಿಟ್ಟು ಹಿಟ್ಟು ಸಡಿಲವಾಗುತ್ತದೆ.

ಜೋಳ, ಸಜ್ಜೆಯಲ್ಲಿ ಗೋಧಿಯ ಜಿಗುಟಿಲ್ಲ, ಲಟ್ಟಿಸಲು ಹೋದರೆ ಹರಿಯುತ್ತದೆ. ಬಾಳೆಲೆಯ ಮೇಲೋ ಒದ್ದೆ ಬಟ್ಟೆಯ ಮೇಲೋ ಕೈ ಒದ್ದೆ ಮಾಡಿಕೊಂಡು ತಟ್ಟಿ. ಅಕ್ಕಿರೊಟ್ಟಿಗಿಂತ ತುಸು ದಪ್ಪ ಇರಲಿ. ಅಂಚು ಬಿರಿದರೆ ನೀರು ಸಾಲದು ಎಂದರ್ಥ. ನಡುವೆ ಒಂದು, ಸುತ್ತ ನಾಲ್ಕು ತೂತು ಮಾಡಿ. ತೂತಿನ ಮೂಲಕ ಎಣ್ಣೆ ತಳಕ್ಕಿಳಿಯುತ್ತದೆ, ಹಬೆ ಹೊರಬರುತ್ತದೆ. ಇಲ್ಲವಾದರೆ ನಡುಭಾಗ ಹಸಿಯಾಗೇ ಉಳಿಯುತ್ತದೆ.

ಎಣ್ಣೆ ಸವರಿದ ಕಾವಲಿಯ ಮೇಲೆ ಹಾಕಿ, ಪ್ರತಿ ತೂತಿಗೂ ನಾಲ್ಕು ಹನಿ ಎಣ್ಣೆ ಬಿಟ್ಟು, ಮುಚ್ಚಳ ಮುಚ್ಚಿ ಸಣ್ಣ-ಮಧ್ಯಮ ಉರಿಯಲ್ಲಿ ಮೂರು ನಿಮಿಷ ಬೇಯಿಸಿ. ತಿರುವಿದ ಮೇಲೆ ಮುಚ್ಚಳ ಬೇಡ, ಇನ್ನೆರಡು ನಿಮಿಷ. ದೊಡ್ಡ ಉರಿ ಇಟ್ಟರೆ ಹೊರಗೆ ಸೀದು ಒಳಗೆ ಹಸಿ. ಮುಂದಿನದನ್ನು ಹಾಕುವ ಮುನ್ನ ಕಾವಲಿಗೆ ಸ್ವಲ್ಪ ನೀರು ಚಿಮುಕಿಸಿ ಬಿಸಿ ತಗ್ಗಿಸಿ. ಜೊತೆಗೆ ಬೆಣ್ಣೆ ಮತ್ತು ಗಟ್ಟಿ ಮೊಸರು. ಟೊಮ್ಯಾಟೊ ಸಾಸ್ ಅಂತೂ ದಯವಿಟ್ಟು ಬೇಡ.

ಮಿಲ್ಲಿನಿಂದ ಬಂದ ಹಿಟ್ಟು ಬಿಸಿಯಿರುತ್ತದೆ, ಹರಡಿ ಆರಿಸಿಯೇ ಡಬ್ಬಕ್ಕೆ ಹಾಕಿ. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ಒಂದು ತಿಂಗಳಿಗೆ ಬೇಕಾದಷ್ಟನ್ನು ಹೊರಗಿಟ್ಟು ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸಿ. ಮಳೆಗಾಲದಲ್ಲಿ ಪೂರ್ತಿ ಫ್ರಿಜ್ಜಿನಲ್ಲೇ ಇರಲಿ.