ಕುರಿಗಳ ಬಳಿ ಉಳಿದ ಹುಡುಗ: ಕ್ರಿಸ್ಮಸ್ ಅನಿಮೇಷನ್ ಕಿರುಚಿತ್ರವೊಂದನ್ನು ಮಾಡಿದ ನನ್ನ ಅನುಭವ

ಬೈಬಲಿನಲ್ಲಿ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಕುರುಬರ ಪ್ರಸಂಗವು ಎಂಟನೆಯ ವಚನದಿಂದ ಇಪ್ಪತ್ತನೆಯ ವಚನದವರೆಗೆ, ಕೇವಲ ಹದಿಮೂರು ವಚನಗಳಲ್ಲಿ ಮುಗಿಯುತ್ತದೆ. ರಾತ್ರಿಯಲ್ಲಿ ಹಿಂಡನ್ನು ಕಾಯುತ್ತಿದ್ದವರಿಗೆ ದೇವದೂತನು ಕಾಣಿಸಿಕೊಂಡು ರಕ್ಷಕನು ಹುಟ್ಟಿರುವ ಸುದ್ದಿಯನ್ನು ತಿಳಿಸುತ್ತಾನೆ. ಅವರು ಅವಸರದಿಂದ ಬೇತ್ಲೆಹೇಮಿಗೆ ಹೋಗಿ ಗೋದಲಿಯಲ್ಲಿ ಮಲಗಿದ್ದ ಕೂಸನ್ನು ಕಾಣುತ್ತಾರೆ. ದೇವರನ್ನು ಕೊಂಡಾಡುತ್ತ ಹಿಂತಿರುಗುತ್ತಾರೆ. ಅವರು ಹೋಗಿ ಬರುವವರೆಗೆ ಕುರಿಗಳ ಬಳಿ ಯಾರಿದ್ದರು ಎಂಬುದನ್ನು ಲೂಕನು ಹೇಳುವುದಿಲ್ಲ. ಕ್ರಿಸ್ಮಸ್ ಕುರಿತು ಐದು ನಿಮಿಷದ ಅನಿಮೇಷನ್ ಕಿರುಚಿತ್ರವನ್ನು ಮಾಡಬೇಕೆಂದು ನಮ್ಮ ಸಣ್ಣ ತಂಡ ನಿರ್ಧರಿಸಿದಾಗ ನನ್ನ ಮನಸ್ಸು ನಿಂತದ್ದು ಈ ಪ್ರಶ್ನೆಯ ಮೇಲೆ. ಹಿಂಡಿನ ಕಾವಲಿಗೆ ಒಬ್ಬ ಹುಡುಗನನ್ನು ಬಿಟ್ಟು ಉಳಿದವರೆಲ್ಲ ಹೋದರು, ಅವನ ಮಡಿಲಲ್ಲಿ ಕಾಲು ನೊಂದ ಒಂದು ಕುರಿಮರಿ ಇತ್ತು, ದೂತನ ಮಾತನ್ನು ಕೇಳಿಯೂ ಅವನಿಗೆ ಕೂಸನ್ನು ನೋಡಲಾಗಲಿಲ್ಲ ಎಂಬಷ್ಟೇ ನಮ್ಮ ಕಥೆ.

ಈ ಕಥೆಯನ್ನು ಆರಿಸಿಕೊಂಡ ಕೂಡಲೇ ಒಂದು ದೊಡ್ಡ ತೀರ್ಮಾನ ತಾನಾಗಿಯೇ ಆಯಿತು. ಹುಡುಗನು ನೋಡದ್ದನ್ನು ಪ್ರೇಕ್ಷಕರೂ ನೋಡಬಾರದು. ಆದ್ದರಿಂದ ನಮ್ಮ ಚಿತ್ರದಲ್ಲಿ ಯೇಸುವಿನ ಮುಖವಿಲ್ಲ, ಮರಿಯಳಿಲ್ಲ, ಗೋದಲಿಯೂ ಇಲ್ಲ. ಕ್ರಿಸ್ಮಸ್ ಚಿತ್ರದಲ್ಲಿ ಇವೆಲ್ಲ ಇರಲೇಬೇಕೆಂದು ತಂಡದಲ್ಲಿ ಕೆಲವರು ವಾದಿಸಿದರು, ಆ ವಾದದಲ್ಲಿ ತಿರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಕಣ್ಣಾರೆ ಕಾಣದೆಯೂ ನಂಬುವವರು ಧನ್ಯರೆಂದು ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯ ತೋಮನಿಗೆ ಹೇಳುವ ಮಾತು ನನ್ನೊಳಗೆ ಗಟ್ಟಿಯಾಗಿ ಕುಳಿತಿತ್ತು. ಇಂದು ಕ್ರಿಸ್ಮಸ್ ಆಚರಿಸುವ ನಾವೆಲ್ಲರೂ ಆ ಹುಡುಗನ ಸ್ಥಾನದಲ್ಲಿಯೇ ಇದ್ದೇವೆ. ನಮಗೂ ಸುದ್ದಿ ಬಂದಿರುವುದು ನೋಡಿ ಬಂದವರ ಬಾಯಿಂದಲೇ. ಈ ಭಾವವನ್ನು ಯಾರ ಬಾಯಿಂದಲೂ ಹೇಳಿಸದೆ ಚಿತ್ರದಲ್ಲಿ ಮೂಡಿಸುವುದೇ ನನ್ನ ಗುರಿಯಾಗಿತ್ತು.

ಧಾರ್ಮಿಕ ವಸ್ತುವನ್ನು ಕೈಗೆತ್ತಿಕೊಂಡಾಗ ಮೂಲಪಾಠದಲ್ಲಿ ಏನಿದೆ, ನಂತರದ ಚಿತ್ರಕಾರರು ಏನನ್ನು ಸೇರಿಸಿದರು, ನಾವು ಏನನ್ನು ಕಲ್ಪಿಸುತ್ತಿದ್ದೇವೆ ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವುದು ಅಗತ್ಯವೆಂದು ನನ್ನ ನಂಬಿಕೆ. ಗೋದಲಿಯ ಪಕ್ಕದಲ್ಲಿ ನಿಲ್ಲುವ ಎತ್ತು ಮತ್ತು ಕತ್ತೆ ಲೂಕನ ಸುವಾರ್ತೆಯಲ್ಲಿಲ್ಲ, ಮತ್ತಾಯನಲ್ಲಿಯೂ ಇಲ್ಲ. ಎತ್ತು, ಕತ್ತೆಗಳು ತಮ್ಮ ಒಡೆಯನನ್ನು ಬಲ್ಲವೆನ್ನುವ ಯೆಶಾಯನ ಗ್ರಂಥದ ಮೊದಲ ಅಧ್ಯಾಯದ ಮೂರನೆಯ ವಚನವನ್ನು ಈ ಜನನಕ್ಕೆ ಹೊಂದಿಸಿ ಓದಿದ ಪರಂಪರೆಯಿಂದ ಅವು ಚಿತ್ರಗಳಿಗೆ ಬಂದವು. ಹಿಮ ಬೀಳುತ್ತಿತ್ತೆಂದು ಎಲ್ಲಿಯೂ ಬರೆದಿಲ್ಲ, ಅದು ಯಾವ ಋತು ಎಂಬುದೂ ಇಲ್ಲ. ಬೇತ್ಲೆಹೇಮು ಯೆರೂಸಲೇಮಿನ ದಕ್ಷಿಣಕ್ಕಿರುವ ಸುಣ್ಣಕಲ್ಲಿನ ಗುಡ್ಡಗಾಡಿನ ಊರು. ಆದ್ದರಿಂದ ನಮ್ಮ ಹಿನ್ನೆಲೆ ಚಿತ್ರಗಳಲ್ಲಿ ಬಿಳಿ ಹಿಮದ ಬದಲು ಮಾಸಲು ಬಂಡೆಗಳು, ಮೆಟ್ಟಿಲು ಮೆಟ್ಟಿಲಾದ ಇಳಿಜಾರು, ಗಂಟುಗಂಟಾದ ಆಲಿವ್ ಮರಗಳು ಬಂದವು. ಕುರಿಗಳಿಗೂ ಆ ಸೀಮೆಯಲ್ಲಿ ಬಹುಕಾಲದಿಂದ ಸಾಕುತ್ತಿರುವ ತಳಿಯ ಅಗಲವಾದ ಕೊಬ್ಬಿನ ಬಾಲವನ್ನೂ ಜೋಲುಕಿವಿಗಳನ್ನೂ ಕೊಟ್ಟೆವು. ಇಂಥ ವಿವರಗಳನ್ನು ಪ್ರೇಕ್ಷಕರು ಬಿಡಿಬಿಡಿಯಾಗಿ ಗಮನಿಸದಿದ್ದರೂ ಇದು ನಿಜವಾದ ಒಂದು ಸ್ಥಳದಲ್ಲಿ ನಡೆದದ್ದು ಎಂಬ ಭರವಸೆ ಅವರಲ್ಲಿ ಹುಟ್ಟುತ್ತದೆ.

ಕೆಲಸದ ಪ್ರಮಾಣವನ್ನು ಮೊದಲೇ ಲೆಕ್ಕ ಹಾಕದೆ ಅನಿಮೇಷನ್‌ಗೆ ಕೈಹಾಕಬಾರದು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರಗಳು ಬೇಕು. ಐದು ನಿಮಿಷವೆಂದರೆ 300 ಸೆಕೆಂಡು, ಎಂದರೆ 3600 ಚಿತ್ರಗಳು, ಅದೂ ಪರದೆಯ ಮೇಲೆ ಒಂದೇ ಪಾತ್ರ ಇದ್ದಾಗ. ಕೈಯಿಂದ ಚಿತ್ರ ಬರೆಯುವ ಸಣ್ಣ ತಂಡಕ್ಕೆ ಇದು ಹೊರಲಾರದ ಹೊರೆ. ಆದ್ದರಿಂದ ದೃಶ್ಯಗಳನ್ನು ಸಾಲಾಗಿ ಕರಡು ಚಿತ್ರಗಳಲ್ಲಿ ಬರೆಯುವ ಸ್ಟೋರಿಬೋರ್ಡ್ ಮುಗಿದ ಮೇಲೆ ಅದೇ ಚಿತ್ರಗಳನ್ನು ಸಮಯಕ್ಕೆ ಹೊಂದಿಸಿ, ತಾತ್ಕಾಲಿಕ ಧ್ವನಿಯನ್ನು ಸೇರಿಸಿ ಅನಿಮ್ಯಾಟಿಕ್ ಮಾಡಿಕೊಂಡು, ಎಲ್ಲಿ ಚಲನೆ ಬೇಕೇ ಬೇಕು, ಎಲ್ಲಿ ನಿಶ್ಚಲತೆಯೇ ಹೆಚ್ಚು ಹೇಳುತ್ತದೆ ಎಂಬುದನ್ನು ಅದರಲ್ಲಿ ಗುರುತಿಸಿದೆವು. ಹಿಂಡಿಗೆ ಮೇಯುವ, ತಲೆ ಎತ್ತುವ, ಮಲಗಿ ಉಸಿರಾಡುವ, ಮತ್ತೆ ಮತ್ತೆ ಮರುಕಳಿಸಬಲ್ಲ ಕೆಲವೇ ಚಲನೆಗಳನ್ನು ಬರೆದು ಒಂದೊಂದು ಕುರಿಗೂ ಅವನ್ನು ಬೇರೆ ಬೇರೆ ಫ್ರೇಮ್‌ನಿಂದ ಆರಂಭಿಸಿದ್ದರಿಂದ ಕಡಿಮೆ ಚಿತ್ರಗಳಲ್ಲಿಯೇ ದೊಡ್ಡ ಹಿಂಡು ಜೀವಂತವಾಯಿತು. ಹಿನ್ನೆಲೆಗಳಿಗೆ ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶವನ್ನೂ ಚಲನೆಯ ಚಿತ್ರಗಳಿಗೆ ಓಪನ್‌ಟೂನ್ಜ್ ತಂತ್ರಾಂಶವನ್ನೂ ಬಳಸಿದೆವು. ಎರಡೂ ಉಚಿತವಾಗಿ ದೊರೆಯುತ್ತವೆ. ಎರಡನೆಯದು 2016ರಲ್ಲಿ ಮುಕ್ತ ತಂತ್ರಾಂಶವಾಯಿತು.

ದೇವದೂತನ ದೃಶ್ಯವನ್ನು ಹೇಗೆ ತೋರಿಸಬೇಕೆಂಬ ಚರ್ಚೆ ಬಹಳ ಕಾಲ ನಡೆಯಿತು. ರೆಕ್ಕೆ, ಬಿಳಿ ನಿಲುವಂಗಿ, ತಲೆಯ ಹಿಂದಿನ ಪ್ರಭಾವಲಯ ಇವು ಎಲ್ಲರೂ ಬಲ್ಲ ರೂಪಗಳು. ಬಲ್ಲದ್ದಾದ್ದರಿಂದಲೇ ಅವು ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಲೂಕನಾದರೋ ದೇವರ ಮಹಿಮೆಯ ಪ್ರಕಾಶ ಕುರುಬರ ಸುತ್ತಲೂ ಹೊಳೆಯಿತೆಂದೂ ಅವರು ಬಹಳವಾಗಿ ಹೆದರಿದರೆಂದೂ ಬರೆಯುತ್ತಾನೆ. ಆ ಹೆದರಿಕೆಯನ್ನು ಬಿಟ್ಟುಬಿಟ್ಟರೆ ಮುಂದಿನ ಸಂತೋಷಕ್ಕೆ ತೂಕವಿರುವುದಿಲ್ಲ. ಆದ್ದರಿಂದ ದೂತನನ್ನು ಚೌಕಟ್ಟಿನ ಹೊರಗಿಟ್ಟು ಬೆಳಕನ್ನು ಮಾತ್ರ ಒಳಗೆ ತಂದೆವು. ಮೊದಲು ಹುಲ್ಲಿನ ತುದಿಗಳು ಬೆಳಗುತ್ತವೆ, ಆಮೇಲೆ ಒಂದೊಂದು ಕುರಿಯ ನೆರಳೂ ಹಿಂದಕ್ಕೆ ಉದ್ದವಾಗಿ ಚಾಚಿಕೊಳ್ಳುತ್ತದೆ, ಕೊನೆಗೆ ಹುಡುಗನು ಕುರಿಮರಿಯ ಕಣ್ಣುಗಳನ್ನು ತನ್ನ ಅಂಗೈಯಿಂದ ಮುಚ್ಚುತ್ತಾನೆ. ತಾನೇ ನಡುಗುತ್ತಿರುವ ಹುಡುಗನು ಮತ್ತೊಂದು ಜೀವದ ಭಯವನ್ನು ಮರೆಮಾಡುವ ಆ ಸಣ್ಣ ಕ್ರಿಯೆ ಅವನು ಎಂಥವನೆಂಬುದನ್ನು ಹೇಳುತ್ತದೆ. "ಹೆದರಬೇಡಿರಿ" ಎಂಬ ದೂತನ ಮೊದಲ ಮಾತನ್ನು ಪ್ರತಿಧ್ವನಿಯ ಅಬ್ಬರವಿಲ್ಲದೆ, ನಿದ್ದೆಯಲ್ಲಿ ಬೆಚ್ಚಿದ ಮಗುವನ್ನು ತಾಯಿ ಸಂತೈಸುವ ಹಾಗೆ ಮೆಲ್ಲಗೆ ಹೇಳಿಸಿದೆವು. ಇಡೀ ಚಿತ್ರದಲ್ಲಿ ಸ್ಪಷ್ಟವಾಗಿ ಕೇಳಿಸುವ ಮಾತೆಂದರೆ ದೂತನು ಸಾರುವ ಸುವಾರ್ತೆಯೊಂದೇ.

ಬಣ್ಣಗಳ ವಿಷಯದಲ್ಲಿ ಒಂದು ಕಟ್ಟುನಿಟ್ಟನ್ನು ಇಟ್ಟುಕೊಂಡೆವು. ರಾತ್ರಿಯ ದೃಶ್ಯಗಳೆಲ್ಲ ನೀಲಿ, ಬೂದು, ಕಂದುಹಸಿರುಗಳಲ್ಲಿಯೇ ನಡೆಯಬೇಕು. ಬೆಚ್ಚನೆಯ ಹಳದಿಗೆ ಮೂರು ಕಡೆ ಮಾತ್ರ ಅವಕಾಶ. ಒಂದು ಹುಡುಗನ ಮಣ್ಣಿನ ದೀಪ, ಎರಡನೆಯದು ದೂತನ ಬೆಳಕು, ಮೂರನೆಯದು ಹಿಂತಿರುಗಿ ಬಂದ ಕುರುಬರ ಮುಖಗಳು. ಕೊನೆಯದಕ್ಕೆ ಕಣ್ಣು ಒಪ್ಪುವ ಕಾರಣ ಬೇಕಾದ್ದರಿಂದ ಅವರು ಬರುವ ಹೊತ್ತನ್ನು ನಸುಕಿಗೆ ತಂದೆ. ನಸುಕಿನ ಸಂಗತಿ ಸುವಾರ್ತೆಯಲ್ಲಿಲ್ಲ, ಅದು ನಮ್ಮ ಕಲ್ಪನೆಯ ಪಟ್ಟಿಗೆ ಸೇರಿದ್ದು.

ನಡುವಿನ ಕಾಯುವಿಕೆಯ ಭಾಗ, ಎಂದರೆ ಬೆಳಕು ಆರಿ ಎಲ್ಲರೂ ಹೊರಟುಹೋದ ಮೇಲೆ ಹುಡುಗನೊಬ್ಬನೇ ಉಳಿಯುವ ಭಾಗ, ನನಗೆ ಚಿತ್ರದಲ್ಲಿ ಅತ್ಯಂತ ಪ್ರಿಯವಾದದ್ದು. ಇಲ್ಲಿ ಘಟನೆಗಳೇ ಇಲ್ಲ. ಅವನು ಎದ್ದು ಊರಿನ ಕಡೆಗೆ ಕೆಲವು ಹೆಜ್ಜೆ ಹಾಕುತ್ತಾನೆ, ಮರಿ ಅರಚುತ್ತದೆ, ಹಿಂತಿರುಗಿ ಬಂದು ಕೂರುತ್ತಾನೆ, ಅಷ್ಟೇ. ಅನಿಮೇಷನ್‌ನಲ್ಲಿ ಚಿತ್ರವನ್ನು ಸಂಪೂರ್ಣ ನಿಲ್ಲಿಸಿಬಿಟ್ಟರೆ ಪಾತ್ರ ಕ್ಷಣದಲ್ಲಿ ನಿರ್ಜೀವವಾಗುತ್ತದೆ; ಆದ್ದರಿಂದ ಮುಖ್ಯ ಭಂಗಿಯನ್ನು ಹಾಗೆಯೇ ಉಳಿಸಿ ಭುಜದ ಏರಿಳಿತ, ಕಣ್ಣೆವೆಯ ಮಿಟುಕು, ಗಾಳಿಗೆ ಅಲುಗುವ ಬಟ್ಟೆಯ ಅಂಚು ಇಷ್ಟನ್ನು ಮಾತ್ರ ಚಲಿಸುವಂತೆ ಮಾಡಬೇಕು. ಈ ಭಾಗವನ್ನು ಕತ್ತರಿಸಿ ಗತಿಯನ್ನು ಹೆಚ್ಚಿಸಬೇಕೆಂಬ ಸಲಹೆಗಳು ಬಂದವು. ನಾನು ಒಪ್ಪಲಿಲ್ಲ. ಕರ್ತವ್ಯಕ್ಕಾಗಿ ಆನಂದದಿಂದ ದೂರ ಉಳಿದವನ ಒಂಟಿತನವನ್ನು ಪ್ರೇಕ್ಷಕರು ಅವನೊಡನೆ ಕುಳಿತೇ ಅನುಭವಿಸಬೇಕು.

ಹಿಂತಿರುಗಿದ ಮುದಿ ಕುರುಬನು, ಅವನು ಹುಡುಗನ ತಾತ, ಕಂಡದ್ದನ್ನು ಹೇಳಲು ಬಾಯಿ ತೆರೆಯುತ್ತಾನೆ, ಮಾತು ಹೊರಡುವುದಿಲ್ಲ. ತನ್ನ ಹೊದಿಕೆಯನ್ನು ತೆಗೆದು ಹುಡುಗನ ಮಡಿಲಿನ ಮರಿಗೆ ಸುತ್ತಿ, ತಲೆಯ ಕೆಳಗೆ ಅಂಗೈಯಿಟ್ಟು, ಮರಳಿ ಅವನ ತೋಳಿಗೆ ಇಡುತ್ತಾನೆ. ಕೂಸು ಇಷ್ಟೇ ಚಿಕ್ಕದಾಗಿತ್ತು, ಅದನ್ನು ಹೀಗೆಯೇ ಸುತ್ತಿದ್ದರು ಎಂದು ಕೈಗಳೇ ಹೇಳುತ್ತವೆ. ಯೇಸುವನ್ನು ಲೋಕದ ಪಾಪವನ್ನು ಹೊರುವ ದೇವರ ಕುರಿಮರಿಯೆಂದು ಸ್ನಾನಿಕ ಯೋಹಾನನು ತೋರಿಸಿಕೊಟ್ಟದ್ದನ್ನು ಬಲ್ಲವರಿಗೆ ಈ ದೃಶ್ಯ ಇನ್ನೂ ಆಳಕ್ಕೆ ಇಳಿಯುತ್ತದೆ. ಅದನ್ನು ಅರಿಯದವರಿಗೂ ತಾತ ಮೊಮ್ಮಗನಿಗೆ ತಂದುಕೊಟ್ಟ ಪಾಲಾಗಿ ಅದು ಮುಟ್ಟುತ್ತದೆ. ಚಿತ್ರಗಳ ಸಂಖ್ಯೆಯಲ್ಲಿ ಬೇರೆಡೆ ಉಳಿಸಿದ್ದನ್ನೆಲ್ಲ ನಾವು ಈ ಕೈಗಳಿಗೆ ಖರ್ಚು ಮಾಡಿದೆವು. ಬಟ್ಟೆಯ ಮುದ್ದೆಯೊಂದನ್ನು ಮಗುವಿನಂತೆ ಸುತ್ತಿ ಎತ್ತುವ ನನ್ನ ಕೈಗಳನ್ನೇ ವಿಡಿಯೊ ಮಾಡಿಕೊಂಡು ಅದನ್ನು ಮತ್ತೆ ಮತ್ತೆ ನೋಡಿದಾಗ, ತಲೆಗೆ ಆಧಾರ ಕೊಡುವ ಮೊದಲು ಬೆರಳುಗಳು ಒಂದು ಕ್ಷಣ ಅರಳಿ ತಡೆಯುತ್ತವೆಂಬುದು ಕಾಣಿಸಿತು. ಆ ತಡೆಯನ್ನು ಚಿತ್ರದಲ್ಲಿ ತುಸು ಹೆಚ್ಚಿಸಿದೆವು. ಭಕ್ತಿ ಎಂಬುದು ಆ ಬೆರಳುಗಳಲ್ಲಿ ಕಾಣದಿದ್ದರೆ ಯಾವ ನಿರೂಪಣೆಯೂ ಅದನ್ನು ತಂದುಕೊಡಲಾರದು ಎಂದು ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಧ್ವನಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಗಾಳಿ, ಕುರಿಗಂಟೆ, ಒಣಹುಲ್ಲಿನ ಸರಸರ ಇವು ಚಿತ್ರದ ಬಹುಭಾಗವನ್ನು ಹೊತ್ತವು. ಹಳೆಯ ಕ್ರಿಸ್ಮಸ್ ರಾಗವೊಂದು ಹಕ್ಕುಸ್ವಾಮ್ಯದಿಂದ ಮುಕ್ತವಾಗಿದ್ದರೂ ಅದನ್ನು ಯಾರೋ ಹಾಡಿದ ಧ್ವನಿಮುದ್ರಣ ಮುಕ್ತವಾಗಿರಬೇಕಾಗಿಲ್ಲ. ಆದಕಾರಣ ಸಂಗೀತವನ್ನು ನಾವೇ ನುಡಿಸಿ ಮುದ್ರಿಸಿಕೊಂಡೆವು, ಅದನ್ನೂ ಕೈಗಳ ದೃಶ್ಯ ಮುಗಿದ ನಂತರವೇ ಆರಂಭಿಸಿದೆವು.

ಚಿತ್ರವನ್ನು ನೋಡಿದ ಮಕ್ಕಳಲ್ಲಿ ಕೆಲವರು ಪಾಪುವನ್ನು ಯಾಕೆ ತೋರಿಸಲಿಲ್ಲವೆಂದು ಕೇಳಿದರು. ಆ ಹುಡುಗನಿಗೂ ಕಾಣಲಿಲ್ಲವಲ್ಲ ಎಂದು ಅವರೊಳಗೇ ಒಬ್ಬಳು ಉತ್ತರ ಕೊಟ್ಟಳು. ನಾನು ಅದಕ್ಕೆ ಏನನ್ನೂ ಸೇರಿಸಲು ಹೋಗಲಿಲ್ಲ. ಈಗ ಕೂಸನ್ನು ಕಾಣಲು ಕಾಣಿಕೆಗಳೊಡನೆ ಬಂದ ಮೂಡಣದ ಜೋಯಿಸರ ಪ್ರಸಂಗದ ಸ್ಟೋರಿಬೋರ್ಡನ್ನು ಆರಂಭಿಸಿದ್ದೇನೆ. ಅವರು ಎಷ್ಟು ಮಂದಿ ಬಂದರೆಂದು ಮತ್ತಾಯನು ಹೇಳುವುದಿಲ್ಲ, ಕಾಣಿಕೆಗಳು ಮಾತ್ರ ಚಿನ್ನ, ಧೂಪ, ರಕ್ತಬೋಳವೆಂದು ಮೂರು. ಅವರು ಕೂಸನ್ನು ಕಂಡದ್ದೂ ಒಂದು ಮನೆಯೊಳಗೆಂದು ಅವನು ಬರೆಯುತ್ತಾನೆ. ಹಾಗಾಗಿ ಆ ಮನೆಯ ಬಾಗಿಲನ್ನು ಯಾರು ತೆರೆದಿರಬಹುದು ಎಂಬಲ್ಲಿಂದ ಚಿತ್ರಗಳನ್ನು ಬರೆಯಲು ತೊಡಗಿದ್ದೇನೆ.