ನಾನು ಸಿಮೆಂಟ್ ಶಿಲ್ಪಿ ಆದದ್ದು

ಶಿಲ್ಪಿ ಅಂದ ಕೂಡಲೇ ಬೆಂಗಳೂರಿನಲ್ಲಿ ಜನ ಕೇಳುವುದು ಒಂದೇ ಪ್ರಶ್ನೆ. ಕಲ್ಲಾ, ಕಂಚಾ? ಸಿಮೆಂಟ್ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದು ಮನೆ ಕಟ್ಟುವುದಕ್ಕೆ, ಮೋರಿ ಕಟ್ಟುವುದಕ್ಕೆ ಅಲ್ವಾ? ನಾನು ಇದರಲ್ಲೇ ಕೆಲಸ ಕಲಿತೆ, ಇದರಿಂದಲೇ ಸಂಸಾರ ನಡೆಸಿದೆ. ಕಂಚಿಗೆ ದುಡ್ಡಿಲ್ಲ ಅಂತ ಮಾತ್ರ ಇದನ್ನು ಹಿಡಿದದ್ದಲ್ಲ. ಸಿಮೆಂಟ್ ಹೇಳುವ ಮಾತನ್ನು ಕಂಚು ಹೇಳುವುದಿಲ್ಲ.

ಈ ಧೈರ್ಯ ಕೊಟ್ಟವರು ಶಿಲ್ಪಿ ರಾಮ್‌ಕಿಂಕರ್ ಬೈಜ್. 1906ರಲ್ಲಿ ಬಂಗಾಳದ ಬಾಂಕುಡಾದಲ್ಲಿ, ಬಡ ಕ್ಷೌರಿಕರ ಮನೆಯಲ್ಲಿ ಹುಟ್ಟಿದವರು. ಊರಿನಲ್ಲಿ ಮೂರ್ತಿ ಮಾಡುವವರ ಕೈ ನೋಡುತ್ತಲೇ ಬೆಳೆದರು. ಪತ್ರಿಕಾ ಸಂಪಾದಕ ರಾಮಾನಂದ ಚಟರ್ಜಿ ಈ ಹುಡುಗನ ಚಿತ್ರಗಳನ್ನು ಮೆಚ್ಚಿಕೊಂಡರು. ಅವರಿಂದಾಗಿ ರಾಮ್‌ಕಿಂಕರ್ 1925ರಲ್ಲಿ ಶಾಂತಿನಿಕೇತನ ಸೇರಿದರು. ಅಲ್ಲಿ ನಂದಲಾಲ್ ಬೋಸ್ ಗುರು. ಈ ನಂದಲಾಲರೂ ನಮ್ಮ ಕಲಾವಿದ ಕೆ. ವೆಂಕಟಪ್ಪನವರೂ ಕಲ್ಕತ್ತಾದಲ್ಲಿ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರು. ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಗೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ವೆಂಕಟಪ್ಪನವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ನಯವಾದ ಉಬ್ಬುಶಿಲ್ಪ ಮಾಡಿದರು. ರಾಮ್‌ಕಿಂಕರ್ ಬಯಲಲ್ಲಿ ನಿಂತು ಸಿಮೆಂಟ್ ಎರಚಿದರು. ಒಂದೇ ಗುರುಮನೆಯಿಂದ ಎಷ್ಟು ಬೇರೆ ಬೇರೆ ದಾರಿ ಹೊರಟವು ನೋಡಿ.

ರಾಮ್‌ಕಿಂಕರ್ ಅವರ ‘ಸಂತಾಲ್ ಕುಟುಂಬ’ 1938ರ ಕೆಲಸ. ಸಂತಾಲರು ಆ ಕಡೆಯ ಬುಡಕಟ್ಟು ಜನ. ಒಬ್ಬ ಗಂಡಸು, ಒಬ್ಬ ಹೆಂಗಸು, ಬುಟ್ಟಿಯಲ್ಲಿ ಕೂತ ಮಗು, ಪಕ್ಕದಲ್ಲೊಂದು ನಾಯಿ. ಇದ್ದಬದ್ದದ್ದನ್ನೆಲ್ಲ ಹೊತ್ತುಕೊಂಡು ನಡೆದಿದ್ದಾರೆ. ದೇವರಿಲ್ಲ, ರಾಜನಿಲ್ಲ, ನಾಯಕನಿಲ್ಲ. ಎತ್ತರದ ಪೀಠವೂ ಇಲ್ಲ. ಸಿಮೆಂಟಿಗೆ ಆ ನೆಲದ ಕೆಂಪು ಜಂಬಿಟ್ಟಿಗೆ ಕಲ್ಲಿನ ಹರಳು ಬೆರೆಸಿ, ಕಂಬಿಯ ಚೌಕಟ್ಟಿನ ಮೇಲೆ ನೇರವಾಗಿ ಹಾಕಿದ್ದಾರೆ. ಅಚ್ಚು ತೆಗೆದದ್ದಲ್ಲ. ಮೈಯೆಲ್ಲ ಒರಟು, ಹರಳು ಹರಳು. ನಡೆದು ನಡೆದು ಧೂಳು ಹತ್ತಿದ ಮೈ ಅದು. ಅದನ್ನು ಪಾಲಿಶ್ ಮಾಡಿದ್ದರೆ ಆ ಮನುಷ್ಯರೇ ಉಳಿಯುತ್ತಿರಲಿಲ್ಲ.

ಅಂಥ ಕುಟುಂಬವನ್ನು ನೋಡಲು ನಾನು ಬಂಗಾಳಕ್ಕೆ ಹೋಗಬೇಕಿರಲಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರು ನಮ್ಮ ಬಡಾವಣೆಗಳಲ್ಲಿ ಕಟ್ಟಡ ಕಟ್ಟುತ್ತಾರೆ. ಅದೇ ಸೈಟಿನಲ್ಲಿ ಶೀಟಿನ ಶೆಡ್ ಹಾಕಿಕೊಂಡು ಮಲಗುತ್ತಾರೆ. ಕಟ್ಟಡ ಮುಗಿದ ಮೇಲೆ ಮುಂದಿನ ಸೈಟು. ನನ್ನ ಮೊದಲ ದೊಡ್ಡ ಶಿಲ್ಪ ತಲೆಯ ಮೇಲೆ ಬಾಂಡ್ಲಿ ಹೊತ್ತ ಹೆಂಗಸು. ಅವಳು ಹೊರುವ ಗಾರೆಯಿಂದಲೇ ಅವಳನ್ನು ಮಾಡಬೇಕು ಅನ್ನಿಸಿತು. ಅಲ್ಲಿಂದ ನಾನು ಬೇರೆ ಕಡೆ ತಿರುಗಿ ನೋಡಲಿಲ್ಲ.

ಕಾಲೇಜಿನಲ್ಲಿ ನಾನು ಕಲಿತದ್ದು ಜೇಡಿಮಣ್ಣು, ಪ್ಲಾಸ್ಟರ್ ಅಚ್ಚು, ಮೈಕಟ್ಟಿನ ಅಧ್ಯಯನ. ಸಿಮೆಂಟ್ ಕಲಿಸಿದ್ದು ನಮ್ಮಪ್ಪ. ಅವರು ಗಾರೆ ಮೇಸ್ತ್ರಿ. "ನೀರು ಜಾಸ್ತಿ ಹಾಕ್ಬೇಡ ಮಗಾ, ಕಲಸೋಕೆ ಸುಲಭ ಆಗತ್ತೆ, ಆಮೇಲೆ ಬಿರುಕು ಬಿಡತ್ತೆ" ಅನ್ನುತ್ತಿದ್ದರು. ಇವತ್ತು ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ನಾನೂ ಅದನ್ನೇ ಹೇಳುತ್ತೇನೆ.

ಮೊದಲು ಒಂದು ಅಡಿಯ ಮಣ್ಣಿನ ಮಾದರಿ ಮಾಡುತ್ತೇನೆ. ಭಾರ ಯಾವ ಕಾಲಿನ ಮೇಲಿದೆ ಅನ್ನುವುದು ಅಲ್ಲೇ ತೀರ್ಮಾನ ಆಗಬೇಕು. ಆಮೇಲೆ ಕಂಬಿ. ಆಳೆತ್ತರದ ಕೆಲಸಕ್ಕೆ ಕಾಲು, ಬೆನ್ನಿಗೆ 12 ಎಂಎಂ, ಉಳಿದದ್ದಕ್ಕೆ 8 ಎಂಎಂ. ಕಾಲಿನ ಕಂಬಿ ಪಾದದಿಂದ ಇಳಿದು ಕೆಳಗಿನ ಕಾಂಕ್ರೀಟ್ ಬುನಾದಿಗೆ ಹೋಗಲೇಬೇಕು. ಅದರ ಮೇಲೆ ಚಿಕನ್ ಮೆಶ್, ಅಂದರೆ ತೆಳು ತಂತಿಯ ಬಲೆ, ಸುತ್ತಿ ಬೈಂಡಿಂಗ್ ವೈರಿನಿಂದ ಬಿಗಿಯುತ್ತೇನೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು. ಮೊದಲ ಕೋಟನ್ನು ಕರಣೆಯಿಂದ ಬೀಸಿ ಹೊಡೆಯಬೇಕು, ಸುಮ್ನೆ ಸವರಿದರೆ ಮೆಶ್ ಒಳಗೆ ಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಬಾಂಡ್ಲಿ ಕಲಸುತ್ತೇನೆ. ಅರ್ಧ ಗಂಟೆ ದಾಟಿದರೆ ಬಿಗಿಯಲು ಶುರುವಾಗುತ್ತದೆ. ಹೊರಗಿನ ಕೋಟಿಗೆ ಕಲ್ಲು ಕೆಲಸದ ಶೆಡ್ಡುಗಳಿಂದ ತಂದ ಗ್ರಾನೈಟ್ ಚೂರು ಸೇರಿಸುತ್ತೇನೆ. ರಾಮ್‌ಕಿಂಕರ್ ಅವರಿಗೆ ಕೆಂಪು ಹರಳು ಸಿಕ್ಕಿತು, ನಮ್ಮ ನೆಲದ್ದು ಈ ಬೂದು ಕಲ್ಲು.

ಇನ್ನೂ ಹಸಿಯಾಗಿರುವಾಗ ಕೆತ್ತುವ ಸಮಯ ನನಗೆ ಎಲ್ಲಕ್ಕಿಂತ ಇಷ್ಟ. ಮಣ್ಣಿನಷ್ಟು ಮೆತ್ತಗಲ್ಲ, ಕಲ್ಲಿನಷ್ಟು ಗಟ್ಟಿಯಲ್ಲ. ಹಾಕುವುದೂ ಆಗುತ್ತದೆ, ತೆಗೆಯುವುದೂ ಆಗುತ್ತದೆ. ಆ ಕೆಲವು ಗಂಟೆಗಳಲ್ಲಿ ಕೈ ಯೋಚನೆಗಿಂತ ಮುಂದೆ ಓಡುತ್ತದೆ. ಮುಖದ ತಿರುವು, ಸೆರಗಿನ ಮಡಿಕೆ ಎಲ್ಲ ಆಗಲೇ ಬರಬೇಕು. ನಾಳೆ ಮಾಡೋಣ ಅಂದರೆ ನಾಳೆ ಅದು ಕಲ್ಲು.

ಸಿಮೆಂಟ್ ಶಿಲ್ಪಕ್ಕೆ ದೊಡ್ಡ ಶತ್ರು ತುಕ್ಕು. ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಮೇಲಿನ ಸಿಮೆಂಟನ್ನು ಒಡೆದು ಹಾಕುತ್ತದೆ. ಅದಕ್ಕೇ ಎಲ್ಲ ಕಡೆ ಕಂಬಿಯ ಮೇಲೆ ಒಂದು ಇಂಚು ಸಿಮೆಂಟ್ ಇರಬೇಕು. ಬೆರಳು, ಕಿವಿ, ಜಡೆಯ ತುದಿಯಲ್ಲಿ ಅಷ್ಟು ದಪ್ಪ ಬರುವುದಿಲ್ಲ. ಅಲ್ಲೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಹಾಕುತ್ತೇನೆ. ಖರ್ಚು ಜಾಸ್ತಿ, ಆದರೂ ಇದರಲ್ಲಿ ರಾಜಿ ಇಲ್ಲ.

ಕ್ಯೂರಿಂಗ್‌ಗೆ ಒದ್ದೆ ಗೋಣಿಚೀಲ ಸುತ್ತಿ ಕನಿಷ್ಠ 7 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಪೂರ್ತಿ ಬಲ ಲೆಕ್ಕ ಹಾಕುವುದು 28 ದಿನಕ್ಕೆ. ಮಾರ್ಚ್, ಏಪ್ರಿಲ್‌ನಲ್ಲಿ ನಾನು ದೊಡ್ಡ ಕೆಲಸ ಶುರು ಮಾಡುವುದಿಲ್ಲ. ಒಣಗಾಳಿ ತೇವವನ್ನು ಹೀರಿಬಿಡುತ್ತದೆ, ಟ್ಯಾಂಕರ್ ನೀರಿಗೂ ಪರದಾಟ. ಜುಲೈ, ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಟಾರ್ಪಾಲಿನ್ ಕಟ್ಟಿಕೊಂಡರೆ ಸಿಮೆಂಟ್ ಚೆನ್ನಾಗಿ ಹದಕ್ಕೆ ಬರುತ್ತದೆ.

ಹೊಟ್ಟೆಪಾಡಿನ ವಿಷಯವನ್ನೂ ಹೇಳಬೇಕು, ಹೊಸಬರು ಕೇಳುವುದೇ ಅದನ್ನು. ರಾಮ್‌ಕಿಂಕರ್ ಶಾಂತಿನಿಕೇತನದ ಕಲಾಶಾಲೆ ಕಲಾಭವನದಲ್ಲಿ ಮೇಷ್ಟ್ರಾಗಿದ್ದರು. ಅದರಿಂದ ಯಾರೂ ಕೇಳದ ಶಿಲ್ಪಗಳನ್ನೂ ಮಾಡಲು ಆಯಿತು. ನನ್ನ ಬಾಡಿಗೆ ಕಟ್ಟಿದ್ದು ಫೈಬರ್ ಬಸ್ಟುಗಳು, ಅಂದರೆ ಎದೆಮಟ್ಟದ ಮೂರ್ತಿಗಳು. ಕುವೆಂಪು, ಅಂಬೇಡ್ಕರ್, ಬಸವಣ್ಣ, ಕೆಂಪೇಗೌಡ. ಶಾಲೆ, ಸಂಘಗಳಿಂದ ಬರುವ ಈ ಕೆಲಸ ನನಗೆ ಯಾವತ್ತೂ ಕೀಳು ಅನ್ನಿಸಿಲ್ಲ. ಮುಖ ನೋಡಿ ಕಲಿಯುವುದು ಅಲ್ಲೇ.

ದೊಡ್ಡ ಆರ್ಡರ್ ಬಂದರೆ ಮಾತ್ರ ಹುಷಾರಾಗಿರಿ. ದೆಹಲಿಯ ರಿಸರ್ವ್ ಬ್ಯಾಂಕ್ ಮುಂದಿರುವ ರಾಮ್‌ಕಿಂಕರ್ ಅವರ ಯಕ್ಷ, ಯಕ್ಷಿ ಕಲ್ಲಿನ ಕೆಲಸ. ಅದು ಮುಗಿಯಲು ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಂಥ ಶಿಲ್ಪಿಗೇ ಹಾಗಾದರೆ ನಮ್ಮದೇನು! ನಾನು ಮೂರು ಕಂತು ಮಾಡುತ್ತೇನೆ. ಅಡ್ವಾನ್ಸ್, ಮಾದರಿ ಒಪ್ಪಿದ ಮೇಲೆ ಒಂದು, ನಿಲ್ಲಿಸಿದ ಮೇಲೆ ಕೊನೆಯದು. ಒಂದು ಕಡೆ ಕೆಲಸ ಮುಗಿದ ಮೇಲೆ ಶಿಲ್ಪಕ್ಕೆ ಚಿನ್ನದ ಬಣ್ಣ ಹೊಡೆಸಿದರು. ನೋಡಿ ತುಂಬಾ ನೋವಾಯಿತು. ಅಂದಿನಿಂದ ಕೊಟೇಶನ್ನಿನಲ್ಲೇ ಬರೆಯುತ್ತೇನೆ: ಬಣ್ಣ ಹೊಡೆಯಬಾರದು, ವರ್ಷಕ್ಕೊಮ್ಮೆ ಬರೀ ನೀರಿನಲ್ಲಿ ತೊಳೆಯಬೇಕು, ಕೂದಲೆಳೆಯಷ್ಟು ಬಿರುಕು ಕಂಡರೂ ನನಗೆ ಫೋನ್ ಮಾಡಬೇಕು. ಆ ರಿಪೇರಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.