ಘಟ್ಟದ ದಾರಿಗೆ ಜೀಪು ಇಳಿಸುವ ಮುನ್ನ ಮ್ಯಾಪು

ಸಕಲೇಶಪುರ, ಮೂಡಿಗೆರೆ ಕಡೆ ಜೀಪು ತಗೊಂಡು ಹೊರಟವರಿಗೆ ಒಂದು ಮಾತು: ಒಂದೇ ಆ್ಯಪ್ ನಂಬಿ ಹೋಗಬೇಡಿ. ಹೋದ ವರ್ಷ ಫೋನು ತೋರಿಸಿದ ‘ರಸ್ತೆ’ ಕಾಫಿ ತೋಟದ ಗೇಟಿಗೆ ಹೋಗಿ ಮುಗಿದಿತ್ತು. ಕೆಸರಲ್ಲಿ ಅರ್ಧ ಕಿಲೋಮೀಟರ್ ರಿವರ್ಸ್ ಬಂದೆ, ಹೆಂಡತಿ ಇನ್ನೂ ಮರೆತಿಲ್ಲ.

ಈಗ ನನ್ನದು ಟಾರು ರಸ್ತೆ ಮುಗಿಯೋ ತನಕ ಗೂಗಲ್ ಮ್ಯಾಪ್ಸ್, ಆಮೇಲೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆ್ಯಂಡ್. ಎರಡೂ ಆ್ಯಪ್‌ಗಳು ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸುತ್ತವೆ. ಮಣ್ಣುದಾರಿ, ಕಾಲುದಾರಿ ಬೇರೆ ಬೇರೆ ಗೆರೆಯಲ್ಲಿ ಕಾಣುತ್ತವೆ. ಮನೆಯ ವೈಫೈಯಲ್ಲೇ ಮ್ಯಾಪ್ ಇಳಿಸಿಕೊಳ್ಳಿ. ಘಟ್ಟದಲ್ಲಿ ಸಿಗ್ನಲ್ ಹೋದರೂ ಜಿಪಿಎಸ್ ಕೆಲಸ ಮಾಡುತ್ತದೆ, ಅದಕ್ಕೆ ಬೇಕಾದದ್ದು ಉಪಗ್ರಹ, ಟವರ್ ಅಲ್ಲ. ಹೋದ ದಾರಿಯನ್ನು ಗೆರೆಯಾಗಿ ಉಳಿಸೋ ಟ್ರ್ಯಾಕ್ ರೆಕಾರ್ಡಿಂಗ್ ಆನ್ ಇರಲಿ. ದಾರಿ ತಪ್ಪಿದರೆ ಅದೇ ಗೆರೆ ಹಿಡಿದು ವಾಪಸ್ ಬರಬಹುದು.

ಕೇಂದ್ರ ಸರ್ಕಾರದ ನಕ್ಷೆ ಇಲಾಖೆ ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟನ್ನೂ (ಬೆಟ್ಟ, ಹಳ್ಳ, ದಾರಿ ತೋರಿಸುವ ನಕ್ಷೆ) ಒಮ್ಮೆ ನೋಡಿ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದರೆ ಏರು ಕಡಿದು ಅಂತ ಅರ್ಥ. ದಾರಿ ಹಳ್ಳ ದಾಟುವ ಜಾಗವೂ ಗೊತ್ತಾಗುತ್ತದೆ.

ಮ್ಯಾಪಲ್ಲಿ ದಾರಿ ಇದ್ದರೂ ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ತೋಟವಾದರೆ ಸಾಹುಕಾರರದ್ದು. ಕಾರ್ ಚಾರ್ಜರ್ ಮರೀಬೇಡಿ.